ನಾಲ್ಕನೇ ಪುಸ್ತಕದ 62ನೇ ಪುಟ: ಒಂದು ಓದಿನ ಪ್ರಕರಣ

ಆಗಸ್ಟ್ ತಿಂಗಳ ಎರಡನೇ ಶನಿವಾರ. ಉಡುಪಿಯಲ್ಲಿ ಬೆಳಿಗ್ಗೆಯಿಂದ ಒಂದೇ ಸಮನೆ ಮಳೆ. ನನ್ನ ಓದಿನ ಗುಂಪಿನ ಹುಡುಗಿಯೊಬ್ಬಳು 'ದಿ ಸೆಲೆಕ್ಷನ್' ಎಂಬ ಇಂಗ್ಲಿಷ್ ಕಾದಂಬರಿ ಸರಣಿಯ ನಾಲ್ಕನೇ ಪುಸ್ತಕವನ್ನು ಎರಡು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿಕೊಂಡು ಬಂದಳು. ಕೊಡೆಯನ್ನು ಜಗಲಿಯ ಮೂಲೆಗೆ ಒರಗಿಸಿ, ತೊಟ್ಟೆ ಬಿಚ್ಚಿ, ಪುಸ್ತಕವನ್ನು ನನ್ನ ಮುಂದೆ ಇಟ್ಟಳು.

"ಇದು ನಿಮ್ಮ ಕಪಾಟಿನಲ್ಲಿ ಇರಲಿ ಟೀಚರ್. ನನಗೆ ಬೇಡ."

62ನೇ ಪುಟದಲ್ಲಿ ಗುರುತಿಗೆ ಒಂದು ಬಸ್ ಟಿಕೆಟ್ ಇತ್ತು. ಅದನ್ನೂ ಅವಳು ತೆಗೆದಿರಲಿಲ್ಲ. ಮುಂದಿನ ಮೂರು ಶನಿವಾರ ಅವಳು ಬರಲಿಲ್ಲ. ಬಂದ ಮೇಲೂ ಏನನ್ನೂ ಓದಿಕೊಂಡು ಬರಲಿಲ್ಲ. ಹತ್ತು ದಿನದಲ್ಲಿ ಮೂರು ದಪ್ಪ ಪುಸ್ತಕ ಮುಗಿಸಿದ ಹುಡುಗಿ ಎರಡು ತಿಂಗಳು ಯಾವ ಪುಸ್ತಕವನ್ನೂ ಮುಟ್ಟಲಿಲ್ಲ.

ಆ ಎರಡು ತಿಂಗಳಲ್ಲಿ ಏನಾಯಿತು, ಯಾಕಾಯಿತು, ಆಮೇಲೆ ಅವಳು ಹೇಗೆ ಮರಳಿ ಬಂದಳು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವಳು ಮತ್ತು ಅವಳ ತಾಯಿ ಇಬ್ಬರೂ ಒಪ್ಪಿದ್ದಾರೆ. ಹೆಸರು ಮಾತ್ರ ಬೇಡ ಅಂದರು.

ನಾನು ಒಂದು ಹೈಸ್ಕೂಲಿನಲ್ಲಿ 26 ವರ್ಷ ಕನ್ನಡ ಕಲಿಸಿದವಳು. ನಿವೃತ್ತಿಯಾದ ಮೇಲೆ ಕುಂಜಿಬೆಟ್ಟಿನ ನಮ್ಮ ಮನೆಯ ಜಗಲಿಯಲ್ಲಿ ಶನಿವಾರ ಸಂಜೆ ಮಕ್ಕಳ ಜೊತೆ ಕೂತು ಓದುತ್ತೇನೆ. ಎಂಟೋ ಒಂಬತ್ತೋ ಮಕ್ಕಳು. ಫೀಸು ಇಲ್ಲ, ಪರೀಕ್ಷೆ ಇಲ್ಲ. ಅವರವರಿಗೆ ಬೇಕಾದ್ದನ್ನು ಓದಿ ಬಂದು ಅದರ ಬಗ್ಗೆ ಮಾತಾಡುತ್ತಾರೆ. ಹೆಚ್ಚಿನವರು ಇಂಗ್ಲಿಷ್ ಮೀಡಿಯಂನವರು. ಓದುವುದು ಇಂಗ್ಲಿಷ್ ಪುಸ್ತಕ, ಮಾತು ಕನ್ನಡದಲ್ಲಿ, ಜಗಳ ತುಳುವಿನಲ್ಲಿ. ಈ ಹುಡುಗಿ ಆಗ ಪ್ರಥಮ ಪಿಯುಸಿ. ತಂದೆ ಕುವೈತಿನಲ್ಲಿ ಕೆಲಸಕ್ಕೆ ಇದ್ದಾರೆ. ಮನೆಯಲ್ಲಿ ತಾಯಿ, ಅಜ್ಜಿ ಮತ್ತು ಅವಳು.

ಪುಸ್ತಕಗಳ ವಿಷಯ

ಅಮೆರಿಕದ ಲೇಖಕಿ ಕೀರಾ ಕ್ಯಾಸ್ ಬರೆದ 'ದಿ ಸೆಲೆಕ್ಷನ್' ಸರಣಿಯಲ್ಲಿ ಐದು ಕಾದಂಬರಿಗಳಿವೆ. 2012ರಿಂದ 2016ರವರೆಗೆ ವರ್ಷಕ್ಕೊಂದರಂತೆ ಬಂದವು. ಕಥೆ ಮುಂದಿನ ಕಾಲದ್ದು. ಯುದ್ಧಗಳಲ್ಲಿ ಅಮೆರಿಕ ದೇಶ ಅಳಿದು, ಅದೇ ನೆಲದಲ್ಲಿ ಇಲಿಯಾ ಎಂಬ ರಾಜ್ಯ ಹುಟ್ಟಿದೆ. ಅಲ್ಲಿ ಜನರನ್ನು ಒಂದರಿಂದ ಎಂಟರವರೆಗೆ ಜಾತಿಗಳಾಗಿ ಹಂಚಿದ್ದಾರೆ. ಒಂದು ಅಂದರೆ ರಾಜಮನೆತನ. ಐದು ಅಂದರೆ ಹಾಡುವವರು, ಚಿತ್ರ ಬರೆಯುವವರು. ಆರು ಅಂದರೆ ಮನೆಗೆಲಸದವರು. ಎಂಟು ಅಂದರೆ ಮನೆಮಠ ಇಲ್ಲದವರು. ಯಾವ ಜಾತಿಯವರು ಯಾವ ಕೆಲಸ ಮಾಡಬೇಕು ಎಂಬುದು ಕಾನೂನಿನಲ್ಲೇ ಇದೆ. ಮದುವೆಯಾದರೆ ಹೆಣ್ಣು ಗಂಡನ ನಂಬರಿಗೆ ಸೇರಬೇಕು.

ನಾಯಕಿ ಅಮೆರಿಕಾ ಸಿಂಗರ್ ಐದನೇ ಜಾತಿಯ ಬಡ ಮನೆಯ ಹಾಡುಗಾರ್ತಿ. ಆರನೇ ಜಾತಿಯ ಹುಡುಗನನ್ನು ಗುಟ್ಟಾಗಿ ಪ್ರೀತಿಸುತ್ತಾಳೆ. ತನ್ನ ಊಟದಲ್ಲಿ ಉಳಿಸಿ ಅವನಿಗೆ ಒಯ್ದು ಕೊಡುತ್ತಾಳೆ. ರಾಜಕುಮಾರ ಮ್ಯಾಕ್ಸನ್‌ಗೆ ಹೆಂಡತಿಯನ್ನು ಆರಿಸಲು ಅರಮನೆಗೆ 35 ಹುಡುಗಿಯರನ್ನು ಕರೆಸುತ್ತಾರೆ, ಅವರಲ್ಲಿ ಇವಳೂ ಒಬ್ಬಳು. ಮೂರನೇ ಪುಸ್ತಕದ ಕೊನೆಗೆ ಅವಳು ರಾಣಿಯಾಗುತ್ತಾಳೆ. ಇನ್ನು ಜಾತಿಗಳೂ ಹೋಗುತ್ತವೆ ಎಂಬ ನಂಬಿಕೆಯಲ್ಲಿ ಓದುಗರು ಪುಸ್ತಕ ಮುಚ್ಚುತ್ತಾರೆ.

ನಾಲ್ಕನೆಯದು 2015ರಲ್ಲಿ ಬಂದ 'ದಿ ಏರ್'. ಅಂದರೆ ಪಟ್ಟಕ್ಕೆ ಬರುವವಳು. ಇದರಲ್ಲಿ ಮಾತಾಡುವವಳು ಅಮೆರಿಕಾ ಅಲ್ಲ, ಅವಳ ಮಗಳು ಈಡ್ಲಿನ್. ಅವಳಿಗೆ 18 ವರ್ಷ. ಅವಳಿಗಿಂತ ಏಳು ನಿಮಿಷ ಚಿಕ್ಕವನಾದ ಅವಳಿ ತಮ್ಮನಿದ್ದಾನೆ. ಹಳೆಯ ಕಾನೂನಿನಂತೆ ಪಟ್ಟ ಅವನಿಗೆ ಹೋಗಬೇಕಿತ್ತು. ತಂದೆತಾಯಿ ಕಾನೂನನ್ನೇ ಬದಲಾಯಿಸಿ ಮಗಳಿಗೆ ಕೊಟ್ಟರು. ಜಾತಿಗಳನ್ನು ತೆಗೆದು ಹಾಕಿ ಆಗಿದೆ. ಆದರೂ ದೇಶದಲ್ಲಿ ನೆಮ್ಮದಿ ಇಲ್ಲ. ಹಳೆಯ ನಂಬರನ್ನು ಜನ ಮರೆತಿಲ್ಲ. ಜನರ ಸಿಟ್ಟು ಸ್ವಲ್ಪ ದಿನ ಬೇರೆ ಕಡೆ ಹೋಗಲಿ ಎಂದು ರಾಜ ಮಗಳಿಗೂ ಅಂಥದೇ ಆಯ್ಕೆ, ಅಂದರೆ ಸೆಲೆಕ್ಷನ್ ನಡೆಸುತ್ತಾನೆ. ಈ ಸಲ 35 ಹುಡುಗರು.

ಅಜ್ಜಿಯ ಒಂದು ಮಾತು

ಮೊದಲ ಮೂರು ಪುಸ್ತಕಗಳನ್ನು ಹುಡುಗಿ ಮಂಗಳೂರಿನ ಬಿಜೈಯಲ್ಲಿರುವ ಅಕ್ಕನಿಂದ, ಅಂದರೆ ದೊಡ್ಡಮ್ಮನ ಮಗಳಿಂದ ತಂದಿದ್ದಳು. ಏಪ್ರಿಲ್ ರಜೆಯಲ್ಲಿ ಓದಿದಳು. ಮೇಯಲ್ಲಿ ಎರಡನೇ ಸಲ ಓದಿದಳು. ಅವಳ ಒಂದು ನೋಟ್‌ಬುಕ್ಕಿನಲ್ಲಿ ಎಂಟೂ ಜಾತಿಗಳ ಪಟ್ಟಿ ಇತ್ತು. ತನ್ನ ಮನೆಯವರು ಯಾವ ನಂಬರಿಗೆ ಬರುತ್ತಾರೆ ಎಂದು ಪೆನ್ಸಿಲಿನಲ್ಲಿ ಬರೆದು, ಅಳಿಸಿ, ಮತ್ತೆ ಬರೆದಿದ್ದಳು. ನಾಲ್ಕನೆಯದು ಜುಲೈಯಲ್ಲಿ ಹುಟ್ಟಿದ ದಿನದ ಉಡುಗೊರೆಯಾಗಿ ಬಂತು. ಬಹಳ ಆಸೆಯಿಂದ ಹಿಡಿದವಳು 62ನೇ ಪುಟದಲ್ಲಿ ನಿಂತಳು.

ಯಾಕೆ ಎಂದು ಕೇಳಿದಾಗ ಅವಳು ಹೇಳಿದ್ದು ಇಷ್ಟೇ. "ಅಮೆರಿಕಾ ಇಲ್ಲ ಟೀಚರ್ ಇದರಲ್ಲಿ. ಬರೀ ಅಮ್ಮ ಇದ್ದಾಳೆ."

ನಾನು ಆಗ ಈ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಈ ಪ್ರಕರಣದಲ್ಲಿ ನನ್ನ ಮೊದಲ ತಪ್ಪು ಇದು. "ಮುಂದೆ ಓದು, ಚೆನ್ನಾಗಿರುತ್ತದೆ" ಅಂದೆ. ನಾನೇ ಅದನ್ನು ಓದಿರಲಿಲ್ಲ. ಎರಡನೇ ತಪ್ಪು ಇನ್ನೂ ದೊಡ್ಡದು. ಇದೇ ಸರಿಯಾದ ಸಮಯ ಎಂದುಕೊಂಡು ಅವಳ ಕೈಗೆ ಒಳ್ಳೆಯ ಕನ್ನಡ ಕಾದಂಬರಿಯೊಂದನ್ನು ಕೊಟ್ಟೆ. ಅವಳು ತೆಗೆದುಕೊಂಡಳು, ಎರಡು ವಾರ ಬಿಟ್ಟು ಹಾಗೇ ವಾಪಸು ತಂದಳು. ಒಂದು ಪುಸ್ತಕ ಕೈಬಿಟ್ಟಿತೆಂದು ಬೇಸರದಲ್ಲಿರುವವರಿಗೆ ಬೇರೆ ಪುಸ್ತಕ ಕೊಡಬಾರದು. ಸತ್ತ ಮನೆಗೆ ಹೋಗಿ ಮದುವೆಯ ಮಾತು ಎತ್ತಿದ ಹಾಗೆ ಅದು.

ಹುಡುಗಿಯ ತಾಯಿಗೆ ಇದರಿಂದ ಬೇಸರವೇನೂ ಆಗಲಿಲ್ಲ. "ಪಿಯುಸಿ ಅಲ್ವಾ ಟೀಚರ್, ಪಾಠ ಓದಲಿ," ಅಂದರು. ಅದೂ ಸರಿಯೇ.

ದಾರಿ ತೋರಿಸಿದ್ದು ಅಜ್ಜಿ. ಸೆಪ್ಟೆಂಬರಿನಲ್ಲಿ ಒಂದು ದಿನ ಅವರ ಮನೆಗೆ ಹೋಗಿದ್ದೆ. ಮೊಮ್ಮಗಳು ಅರ್ಧಕ್ಕೆ ಪುಸ್ತಕ ಬಿಟ್ಟ ಸುದ್ದಿ ಬಂತು. ಅಜ್ಜಿ ಎಲೆಅಡಿಕೆಯ ತಟ್ಟೆ ನನ್ನ ಕಡೆ ಸರಿಸುತ್ತಾ ಹೇಳಿದರು. "ರಾಮಾಯಣವನ್ನು ಪಟ್ಟಾಭಿಷೇಕಕ್ಕೆ ಮುಚ್ಚಬೇಕು ಅಲ್ವಾ. ಮುಂದೆ ಓದಿದರೆ ಸೀತೆಯನ್ನು ಕಾಡಿಗೆ ಕಳಿಸಬೇಕಾಗುತ್ತದೆ."

ನಾನು ಮನೆಗೆ ಬಂದು ಆ ರಾತ್ರಿಯೇ 'ದಿ ಏರ್' ಓದಲು ಶುರುಮಾಡಿದೆ.

ಅಜ್ಜಿ ಹೇಳಿದ್ದು ನಿಜ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಪಾರಾಯಣ ನಿಲ್ಲುವುದು ಪಟ್ಟಾಭಿಷೇಕದಲ್ಲೇ. ಉತ್ತರಕಾಂಡ ಪುಸ್ತಕದಲ್ಲಿ ಇರುತ್ತದೆ, ಬಾಯಿಗೆ ಬರುವುದಿಲ್ಲ. ಕುಮಾರವ್ಯಾಸ ಕೂಡ ದುರ್ಯೋಧನ ಬಿದ್ದ ಗದಾಪರ್ವಕ್ಕೆ, ಹತ್ತು ಪರ್ವಕ್ಕೆ ನಿಲ್ಲಿಸಿದ. ಉಳಿದ ಎಂಟು ಪರ್ವಗಳನ್ನು ಬರೆದು ಮುಗಿಸಿದ್ದು ತಿಮ್ಮಣ್ಣ ಕವಿ. 26 ವರ್ಷದಲ್ಲಿ ತಿಮ್ಮಣ್ಣನ ಒಂದು ಪದ್ಯವನ್ನೂ ಬಾಯಿಪಾಠ ಹೇಳಿದ ಮಗುವನ್ನು ನಾನು ಕಂಡಿಲ್ಲ. ಗೆದ್ದ ಮೇಲಿನ ಕಥೆಯನ್ನು ಕೇಳುವುದು ಕಷ್ಟ. ಅಲ್ಲಿ ಗೆದ್ದವರಿಗೆ ವಯಸ್ಸಾಗಿರುತ್ತದೆ. ಗೆದ್ದದ್ದು ಪೂರ್ತಿ ಗೆಲುವಲ್ಲ ಎಂದು ತಿಳಿಯುತ್ತದೆ.

ನಾಲ್ಕನೆಯದನ್ನೇ ಮೊದಲು ಓದಿದವನು

ನಮ್ಮ ಗುಂಪಿನಲ್ಲಿ ಮಲ್ಪೆಯ ಒಬ್ಬ ಹುಡುಗನಿದ್ದಾನೆ. ಅವನದು ದ್ವಿತೀಯ ಪಿಯುಸಿ. ತಂದೆ ಬೋಟಿನಲ್ಲಿ ಕೆಲಸ ಮಾಡುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ದಡದಲ್ಲಿ, ತಂದೆ ಮನೆಯಲ್ಲಿ ಬಲೆ ಸರಿಮಾಡುತ್ತಿದ್ದರು. ಆ 61 ದಿನಗಳಲ್ಲಿ ಇವನು ಓದಿದ ಒಂದೇ ಒಂದು ಪುಸ್ತಕ 'ದಿ ಏರ್'. ಮಂಗಳೂರಿನಲ್ಲಿ ಹಳೆಪುಸ್ತಕದ ರಾಶಿಯಲ್ಲಿ 120 ರೂಪಾಯಿಗೆ ಸಿಕ್ಕಿತ್ತು. ಅದು ನಾಲ್ಕನೆಯದು ಎಂದೇ ಅವನಿಗೆ ಗೊತ್ತಿರಲಿಲ್ಲ.

ಅವನಿಗೆ ಪುಸ್ತಕ ಇಷ್ಟವಾಗಿತ್ತು!

ಈ ಪ್ರಕರಣವನ್ನು ಬರೆಯಬೇಕು ಎಂದು ನನಗೆ ಅನ್ನಿಸಿದ್ದು ಆವತ್ತು. ಒಂದೇ ಪುಸ್ತಕ, ಒಂದೇ ವಯಸ್ಸಿನ ಇಬ್ಬರು, ಒಂದೇ ಜಗಲಿ. ಒಬ್ಬಳ ಬೆನ್ನ ಹಿಂದೆ ಮೂರು ಪುಸ್ತಕ ಇದೆ. ಇನ್ನೊಬ್ಬನಿಗೆ ಏನೂ ಇಲ್ಲ.

ಹುಡುಗಿಗೆ ಈಡ್ಲಿನ್ ಸೊಕ್ಕಿನವಳು. ಹುಡುಗನಿಗೆ ಅವಳು ಹೆದರಿದವಳು. ಪುಸ್ತಕದಲ್ಲಿ ಒಂದು ಮೆರವಣಿಗೆಯ ದೃಶ್ಯ ಇದೆ. ಜನ ಚಪ್ಪಾಳೆ ತಟ್ಟುತ್ತಾರೆ ಎಂದುಕೊಂಡು ರಾಜಕುಮಾರಿ ಹೊರಗೆ ಬಂದರೆ, ಜನ ಅವಳ ಮೇಲೆ ತಿಂಡಿ ಎಸೆಯುತ್ತಾರೆ. ತನ್ನನ್ನು ಜನ ಇಷ್ಟಪಡುವುದಿಲ್ಲ ಎಂದು ಅವಳಿಗೆ ಗೊತ್ತಾಗುವುದು ಆಗ. ಹುಡುಗ ಆ ಭಾಗದ ಬಗ್ಗೆ ತುಂಬಾ ಹೊತ್ತು ಮಾತಾಡಿದ. "ಅವಳು ಏನೂ ಮಾಡಿರಲಿಲ್ಲ. ಅಷ್ಟೇ ತಪ್ಪು. ಏನೂ ಮಾಡಿರಲಿಲ್ಲ," ಅಂದ.

ಹುಡುಗಿ ಅಲ್ಲೇ ಕೂತಿದ್ದಳು. ಮೊದಲ ಸಲ ಸಿಟ್ಟಿನಿಂದ ಮಾತಾಡಿದಳು. "ನಿನಗೆ ಅವಳ ಅಮ್ಮ ಯಾರು ಅಂತ ಗೊತ್ತುಂಟಾ?"

"ರಾಣಿ."

"ಅಲ್ಲ ಮಾರಾಯ. ಅವಳು ಐದನೇ ನಂಬರ್. ಚಳಿಗಾಲದಲ್ಲಿ ಅವರ ಮನೆಯಲ್ಲಿ ಸರಿ ಊಟ ಇರಲಿಲ್ಲ. ಇವಳಿಗೆ ಹಸಿವೆ ಅಂದರೆ ಎಂತ ಅಂತಲೇ ಗೊತ್ತಿಲ್ಲ!"

ಎರಡು ತಿಂಗಳ ನಂತರ ಅವಳು ಒಂದು ಪುಸ್ತಕದ ಬಗ್ಗೆ ಇಷ್ಟು ಮಾತಾಡಿದ್ದಳು. ನಾನು ನಡುವೆ ಬಾಯಿ ಹಾಕಲಿಲ್ಲ.

ಎಲ್ಲಿ ನಿಂತು ನೋಡುವುದು

ಅವಳ ಸಿಟ್ಟಿನ ಮಾತಿನಲ್ಲಿ ಇಡೀ ಪ್ರಕರಣದ ಗಂಟು ಇತ್ತು. ಪುಸ್ತಕ ಮುಗಿಸಿದ ಮೇಲೆ ನನಗೆ ಅದು ಸ್ಪಷ್ಟವಾಯಿತು.

ಮೊದಲ ಪುಸ್ತಕದಲ್ಲಿ ನಾವು ಕೆಳಗೆ ನಿಂತು ಮೇಲೆ ನೋಡುತ್ತೇವೆ. ಜಾತಿ ಅಂದರೆ ಅಲ್ಲಿ ಖಾಲಿ ತಟ್ಟೆ. ಉಳಿಸಿಟ್ಟ ಊಟ. ಬೇರೆ ನಂಬರಿನ ಹುಡುಗನನ್ನು ಕತ್ತಲಲ್ಲಿ ಮಾತ್ರ ನೋಡಬೇಕಾದ ಕಷ್ಟ. ನಾಲ್ಕನೆಯದರಲ್ಲಿ ನಾವು ಅರಮನೆಯ ಕಿಟಕಿಯಲ್ಲಿ ನಿಂತು ಕೆಳಗೆ ನೋಡುತ್ತೇವೆ. ಅಲ್ಲಿಂದ ಜಾತಿ ಕಾಣುವುದೇ ಇಲ್ಲ. ಗಲಾಟೆ ಕಾಣುತ್ತದೆ. ಯಾವುದೋ ಊರಲ್ಲಿ ತೊಂದರೆಯಾಯಿತು ಎಂದು ರಾಜನಿಗೆ ವರದಿ ಬರುತ್ತದೆ. ಮಗಳು ಅದನ್ನು ಕೇಳಿಸಿಕೊಳ್ಳುತ್ತಾಳೆ. ಸಿಟ್ಟಾದ ಆ ಜನರ ಮನೆಯೊಳಗೆ ಕಥೆ ಹೋಗುವುದಿಲ್ಲ. ಅದು ಯಾವ ಹುಡುಗನ ಜೊತೆ ಊಟ, ಯಾರಿಗೆ ಮುತ್ತು ಎಂಬ ಕಡೆ ಹೋಗುತ್ತದೆ.

ಪ್ರೇಮಕಥೆ ಓದುವವರಿಗೆ ಅದೂ ಬೇಕು, ನಾನು ಬೇಡ ಅನ್ನುವುದಿಲ್ಲ. ಆದರೆ ನನ್ನ ಅಭಿಪ್ರಾಯ ಇದು. ಇಡೀ ಸರಣಿಯ ಅತಿ ಒಳ್ಳೆಯ ಪ್ರಶ್ನೆ ಇರುವುದು ನಾಲ್ಕನೇ ಪುಸ್ತಕದಲ್ಲೇ. ಕಾನೂನು ಜಾತಿಯನ್ನು ತೆಗೆದ ಮರುದಿನ ಏನಾಗುತ್ತದೆ? ಮೊದಲ ಮೂರು ಪುಸ್ತಕಗಳಿಗೆ ಆ ಪ್ರಶ್ನೆ ಕೇಳುವ ಅಗತ್ಯ ಬರಲಿಲ್ಲ. ನಾಲ್ಕನೆಯದು ಧೈರ್ಯ ಮಾಡಿ ಕೇಳಿತು. ಕೇಳಿ, ಉತ್ತರ ಹುಡುಕುವ ಕೆಲಸವನ್ನು ಆ ಕಷ್ಟದಿಂದ ಎಲ್ಲರಿಗಿಂತ ದೂರ ಇರುವ ಹುಡುಗಿಯ ಕೈಗೆ ಕೊಟ್ಟಿತು. ನಮ್ಮ ಹುಡುಗಿ 62ನೇ ಪುಟದಲ್ಲಿ ನಿಂತದ್ದು ಅಲ್ಲಿ. ಅವಳಿಗೆ ಅದನ್ನು ಹೇಳಲು ಬರಲಿಲ್ಲ, ಅಷ್ಟೇ. "ಅಮೆರಿಕಾ ಇಲ್ಲ" ಅಂದದ್ದು ಇದನ್ನೇ.

ಮುಂದಿನ ಶನಿವಾರ ನಾನು ಒಂದು ಹಾಳೆ ತಂದಿದ್ದೆ. ಕರ್ನಾಟಕದಲ್ಲಿ ಕರಾವಳಿಯ ಕೊರಗ ಬುಡಕಟ್ಟಿನವರ ಮೇಲಿನ ಅಜಲು ಪದ್ಧತಿಯನ್ನು ನಿಷೇಧಿಸಿದ ಕಾಯ್ದೆ 2000ದ್ದು. ಅಜಲು ಅಂದರೆ ಏನು ಎಂದು ಆ ಕಾಯ್ದೆಯೇ ಹೇಳುತ್ತದೆ. ಕೊರಗರಿಂದ ಕೆಲಸ ಮಾಡಿಸಿ ಕೂಲಿ ಕೊಡದಿರುವುದು, ಇಲ್ಲವೇ ಕಡಿಮೆ ಕೊಡುವುದು. ಕೂದಲು, ಉಗುರು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಲು ಕೊಡುವುದು. ಕಂಬಳಕ್ಕೆ ಮೊದಲು ಅವರನ್ನು ಕೋಣಗಳ ಹಾಗೆ ಓಡಿಸುವುದು. ನಾನು ಇಷ್ಟನ್ನು ಓದಿ ಹಾಳೆ ಕೆಳಗಿಟ್ಟೆ. ಮಕ್ಕಳು ಯಾರೂ ಮಾತಾಡಲಿಲ್ಲ.

ಅಸ್ಪೃಶ್ಯತೆ ಹೋಗಬೇಕು ಎಂದು ಸಂವಿಧಾನ ಹೇಳಿದ್ದು 1950ರಲ್ಲಿ. ನಮ್ಮದೇ ಜಿಲ್ಲೆಗಳ ಈ ಪದ್ಧತಿಗೆ ಬೇರೆಯೇ ಒಂದು ಕಾನೂನು ಬೇಕಾಯಿತು, ಅದೂ 50 ವರ್ಷ ಬಿಟ್ಟು. ಮಂಗಳೂರಿನ ಪುರಭವನಕ್ಕೆ ಯಾರ ಹೆಸರು ಇದೆ ಎಂದು ಕೇಳಿದೆ. ಹುಡುಗಿಗೆ ಗೊತ್ತಿತ್ತು. ಕುದ್ಮುಲ್ ರಂಗರಾವ್. ಅವರು ದಲಿತ ಮಕ್ಕಳ ಶಾಲೆಗಾಗಿ ಊರಿಡೀ ವಿರೋಧ ಕಟ್ಟಿಕೊಂಡವರು. ಅವರು ಮಂಗಳೂರಿನಲ್ಲಿ ದಲಿತೋದ್ಧಾರಕ್ಕೆಂದು ಮಿಷನ್ ಕಟ್ಟಿದ್ದು 1897ರಲ್ಲಿ. 1897, 1950, 2000. ಮೂರು ಇಸವಿಗಳನ್ನು ಹುಡುಗ ಪುಸ್ತಕದ ಹಿಂದಿನ ಖಾಲಿ ಹಾಳೆಯಲ್ಲಿ ಬರೆದುಕೊಂಡ. ಇಲಿಯಾದಲ್ಲಿ ಮ್ಯಾಕ್ಸನ್ ರಾಜನಾದ ಮೇಲೆ ಆಗಿರುವುದು ಇಪ್ಪತ್ತು ವರ್ಷ.

"ಇಪ್ಪತ್ತು ವರ್ಷ ಕಡಿಮೆಯಾಯಿತು ಅಲ್ವಾ ಟೀಚರ್," ಅಂದಳು ಹುಡುಗಿ, ನಿಧಾನವಾಗಿ.

ಹೊಸ ಅಕ್ಕಿ ಊಟದ ದಿನ

ಇಷ್ಟಾದರೂ ಅವಳು ಪುಸ್ತಕ ವಾಪಸು ಕೇಳಲಿಲ್ಲ. ಕೇಳಿದ್ದು ಅಕ್ಟೋಬರಿನಲ್ಲಿ. ಅದಕ್ಕೆ ಕಾರಣ ನನ್ನ ಜಗಲಿ ಅಲ್ಲ, ಕಾಪು ಹತ್ತಿರದ ಅವರ ಕುಟುಂಬದ ಮನೆ.

ನವರಾತ್ರಿಯ ಹೊತ್ತಿಗೆ ಅಲ್ಲಿ ಹೊಸ ಅಕ್ಕಿ ಊಟ. ಕುಟುಂಬದವರೆಲ್ಲ ಸೇರುತ್ತಾರೆ. ಈ ಸಲ ಊಟದ ನಂತರ ಒಂದು ಮಾತು ಬಂತು. ಯಜಮಾನಿಕೆ ನೋಡಿಕೊಳ್ಳುತ್ತಿದ್ದವರು ಅಜ್ಜಿಯ ಅಣ್ಣ. ಹುಡುಗಿಯ ತಾಯಿ ಅವರನ್ನು ತಮ್ಮಲೆ, ಅಂದರೆ ಸೋದರಮಾವ, ಅನ್ನುತ್ತಾರೆ. ಅವರಿಗೆ 84 ವರ್ಷ. ಇನ್ನು ನನ್ನಿಂದ ಆಗುವುದಿಲ್ಲ ಅಂದರು. ವಯಸ್ಸಿನಲ್ಲಿ ಅವರ ನಂತರ ಅಜ್ಜಿ. ಆದರೆ ಎಲ್ಲರೂ ಸೇರಿ ಅಜ್ಜಿಯ ತಂಗಿಯ ಮಗನ ಹೆಸರು ಹೇಳಿದರು.

ಹುಡುಗಿ ಎಲ್ಲರ ಎದುರು ಕೇಳಿದಳಂತೆ. "ಅಜ್ಜಿ ಯಾಕೆ ಆಗಬಾರದು?"

ಅವರದು ಅಳಿಯಸಂತಾನ ಕಟ್ಟು, ಅಂದರೆ ತಾಯಿಯ ಕಡೆಯಿಂದ ವಂಶ ಎಣಿಸುವ ಕ್ರಮ. ಅದರಲ್ಲಿ ಹೆಂಗಸು ಯಜಮಾನಿ ಆಗುವುದಕ್ಕೆ ಅಡ್ಡಿ ಇಲ್ಲ. ಬಳಿ, ಅಂದರೆ ಗೋತ್ರದಂಥ ಕುಲದ ಹೆಸರು, ಬರುವುದು ತಾಯಿಯಿಂದ. ಕುಟುಂಬ ಅಂದರೆ ಒಬ್ಬ ಹೆಣ್ಣಿನ ಸಂತತಿ. ಹಿರಿಯರು ಗಂಡಾಗಲಿ ಹೆಣ್ಣಾಗಲಿ, ಮನೆ ನಡೆಸಬಹುದಿತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ, ಅದರ ನಂತರ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಆಸ್ತಿಯ ಲೆಕ್ಕ ಬೇರೆಯಾಯಿತು. ಆದರೂ ದೈವದ ಕೆಲಸ, ನಾಗನ ಕೆಲಸ, ಕುಟುಂಬದ ಮನೆ ಇವೆಲ್ಲ ಈಗಲೂ ಎಷ್ಟೋ ಕಡೆ ಹಳೆಯ ಕ್ರಮದಲ್ಲೇ ನಡೆಯುತ್ತವೆ. ಅಜ್ಜಿಯ ದೊಡ್ಡಮ್ಮನೇ ಹಿಂದೆ ಆ ಮನೆಯ ಯಜಮಾನಿ ಆಗಿದ್ದರಂತೆ.

ಮಾವಂದಿರು ನಕ್ಕರು. ಒಬ್ಬರು, "ಕೋರ್ಟು ಕಚೇರಿಗೆ ಓಡಾಡುವುದು ಯಾರು ಮಗಾ?" ಅಂದರು. ಅಜ್ಜಿ ಏನೂ ಹೇಳದೆ ಒಳಗೆ ಹೋದರು.

ಮರುದಿನ ಅವಳು ನನ್ನ ಮನೆಗೆ ಬಂದಳು. ಆ ದಿನ ಶನಿವಾರ ಅಲ್ಲ. ಕಣ್ಣು ಕೆಂಪಾಗಿತ್ತು.

"ಈಡ್ಲಿನ್‌ಗೆ ಕಾನೂನು ಬದಲಾಯಿಸಿ ಕೊಟ್ಟರು ಟೀಚರ್. ನನ್ನ ಅಜ್ಜಿಗೆ ಕಟ್ಟು ಮೊದಲೇ ಉಂಟು. ಆದರೂ ಕೊಡಲಿಲ್ಲ. ಆ ಪುಸ್ತಕ ಕೊಡಿ."

ಕಪಾಟಿನಿಂದ ತೆಗೆದುಕೊಟ್ಟೆ. ಬಸ್ ಟಿಕೆಟ್ ಅಲ್ಲೇ ಇತ್ತು.

ಎರಡನೇ ಓದು

ಈ ಸಲ ಅವಳು ಮೊದಲಿನಿಂದ ಓದಿದಳು. ಕೈಯಲ್ಲಿ ಪೆನ್ಸಿಲ್ ಇತ್ತು. ಅಮೆರಿಕಾ ಬರುವ ಜಾಗಗಳಿಗೆಲ್ಲ ಸಣ್ಣ ಗೆರೆ ಹಾಕುತ್ತಾ ಹೋದಳು. ಮೊದಲ ಸಲ ಅವಳು ಅಮೆರಿಕಾಳನ್ನು ಹುಡುಕಿ, ಸಿಗದೆ ಬಿಟ್ಟಿದ್ದಳು. ಈಗ ಮಗಳ ಕಣ್ಣಿಗೆ ಬೀಳದ ಅಮೆರಿಕಾಳನ್ನು ಹುಡುಕಿದಳು. "ಮಗಳಿಗೆ ಅಮ್ಮನ ಮೂರು ಪುಸ್ತಕ ಗೊತ್ತಿಲ್ಲ ಟೀಚರ್. ನನಗೆ ಗೊತ್ತುಂಟು," ಅಂದಳು. ಕೊನೆಯಲ್ಲಿ ಅಮೆರಿಕಾಳಿಗೆ ಹೃದಯಾಘಾತ ಆಗುತ್ತದೆ. ಅವಳಿ ತಮ್ಮ ಫ್ರಾನ್ಸಿನ ರಾಜಕುಮಾರಿಯನ್ನು ಮದುವೆಯಾಗಿ ಹೋಗಿರುತ್ತಾನೆ. ಈಡ್ಲಿನ್ ಒಬ್ಬಳೇ ಉಳಿಯುತ್ತಾಳೆ. ಅಲ್ಲಿಗೆ ಪುಸ್ತಕ ನಿಲ್ಲುತ್ತದೆ. ಆ ರಾತ್ರಿ ಹುಡುಗಿ ತನ್ನ ತಾಯಿಯ ಹತ್ತಿರ ಹೋಗಿ, ಮದುವೆಗೆ ಮೊದಲು ನೀನು ಹೇಗಿದ್ದೆ ಎಂದು ಕೇಳಿದಳಂತೆ. ತಾಯಿ ನನಗೆ ಫೋನ್ ಮಾಡಿ ಇದನ್ನು ಹೇಳಿದರು. ಹೇಳುವಾಗ ಅವರ ಸ್ವರ ಬೇರೆಯಾಗಿತ್ತು.

ಗುಂಪಿನಲ್ಲಿ ಎರಡು ಶನಿವಾರ ಇದೇ ಮಾತು. ಹುಡುಗನಿಗೆ ಹೆಣ್ಣಿಗೆ ಪಟ್ಟ ಎಂಬುದು ದೊಡ್ಡ ಸುದ್ದಿಯಾಗಿ ಕಂಡಿರಲೇ ಇಲ್ಲ. "ನಮ್ಮಲ್ಲಿ ಅಬ್ಬಕ್ಕ ಇದ್ದಳಲ್ಲ," ಅಂದ. ಹೌದು. ಉಳ್ಳಾಲದಲ್ಲಿ ಚೌಟ ಮನೆತನದ ಅಬ್ಬಕ್ಕನಿಗೆ ಪಟ್ಟ ಬಂದದ್ದು ಸೋದರಮಾವ ತಿರುಮಲರಾಯನಿಂದ, ಇದೇ ಅಳಿಯಸಂತಾನದ ಕ್ರಮದಲ್ಲಿ. 16ನೇ ಶತಮಾನದಲ್ಲಿ ಅವಳು ಪೋರ್ಚುಗೀಸರ ವಿರುದ್ಧ ನಿಂತಳು. ಕೋಸ್ಟ್ ಗಾರ್ಡಿನ ಒಂದು ಹಡಗಿಗೆ ಅವಳ ಹೆಸರಿದೆ. ಹುಡುಗಿ ಕೂಡಲೇ ಕೇಳಿದಳು. "ಅಬ್ಬಕ್ಕನ ಹೆಸರು ಹಡಗಿಗೆ ಉಂಟು. ನನ್ನ ಅಜ್ಜಿಯ ಹೆಸರು ಮನೆಯ ಕಾಗದದಲ್ಲಿ ಯಾಕಿಲ್ಲ?" ಹುಡುಗನ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ.

ಆಗ ನಾನು ಒಂದು ಕೆಲಸ ಕೊಟ್ಟೆ. ಈ ಪುಸ್ತಕದಲ್ಲಿ ಇಲ್ಲದ ಒಂದು ಅಧ್ಯಾಯ ಬರೆಯಿರಿ. ಅರಮನೆಯ ಹೊರಗಿನದು. ಮೆರವಣಿಗೆಯಲ್ಲಿ ತಿಂಡಿ ಎಸೆದವರಲ್ಲಿ ಒಬ್ಬರ ಕಥೆ. ಯಾವ ಭಾಷೆಯಲ್ಲಾದರೂ ಸರಿ.

ಹುಡುಗ ಒಂದು ಪುಟ ಬರೆದ. ಉಳಿದ ಮಕ್ಕಳು ಬರೆಯಲಿಲ್ಲ. ಹುಡುಗಿ ಹನ್ನೊಂದು ಪುಟ ಬರೆದಳು, ಕನ್ನಡದಲ್ಲಿ. ಶಾಲೆಯ ಪ್ರಬಂಧ ಬಿಟ್ಟರೆ ಅವಳು ಕನ್ನಡದಲ್ಲಿ ಬರೆದದ್ದು ಅದೇ ಮೊದಲು. ಕಾಗುಣಿತದ ತಪ್ಪು ಬೇಕಾದಷ್ಟಿತ್ತು. ನಾನು ಒಂದನ್ನೂ ತಿದ್ದಲಿಲ್ಲ.

ಅವಳ ಕಥೆಯ ಹೆಂಗಸು ಮೊದಲು ಆರನೇ ನಂಬರಿನವಳು. ಈಗ ನಂಬರ್ ಇಲ್ಲ. ಒಂದು ಬೇಕರಿಯಲ್ಲಿ ಕೆಲಸ ಕೇಳಲು ಹೋಗುತ್ತಾಳೆ. ಅರ್ಜಿಯಲ್ಲಿ ಜಾತಿಯ ಕಾಲಂ ಇಲ್ಲ. ತಂದೆ ಏನು ಕೆಲಸ ಮಾಡುತ್ತಿದ್ದರು ಎಂಬ ಕಾಲಂ ಇದೆ. ಅಂಗಡಿಯವನು ಅರ್ಜಿಯನ್ನು ಸರಿಯಾಗಿ ಓದುವುದೂ ಇಲ್ಲ, ಅವಳ ಕೈ ನೋಡುತ್ತಾನೆ. ಪಾತ್ರೆ ತಿಕ್ಕಿ ಒರಟಾದ ಕೈ. ಅವನ ಹಿಂದೆ ಗೋಡೆಯಲ್ಲಿ ಜಾತಿ ತೆಗೆದ ರಾಜಾಜ್ಞೆಗೆ ಫ್ರೇಮ್ ಹಾಕಿ ತೂಗುಹಾಕಿದೆ. "ಆಮೇಲೆ ಹೇಳಿ ಕಳಿಸುತ್ತೇನೆ" ಅನ್ನುತ್ತಾನೆ. ಅವಳು ಕೈಯಲ್ಲಿದ್ದ ಚಿಲ್ಲರೆಗೆ ಅದೇ ಅಂಗಡಿಯಲ್ಲಿ ನಿನ್ನೆಯ ಬ್ರೆಡ್ ತೆಗೆದುಕೊಂಡು ಹೊರಗೆ ಬರುತ್ತಾಳೆ. ಬೀದಿಯಲ್ಲಿ ರಾಜಕುಮಾರಿಯ ಮೆರವಣಿಗೆ ಬರುತ್ತಿರುತ್ತದೆ.

ಬ್ರೆಡ್ ಎಸೆದಳು ಎಂದು ಅವಳು ಬರೆದಿಲ್ಲ. ಹೆಂಗಸು ಬ್ರೆಡ್ಡನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಲ್ಲುತ್ತಾಳೆ. ಎಸೆಯುವವರು ಬೇರೆ, ಎಸೆಯಲು ಮನೆಯಲ್ಲಿ ತಿಂಡಿ ಇರುವವರು. ಇಲಿಯಾದಲ್ಲಿ ಸೆರಗು ಎಲ್ಲಿಂದ ಬಂತು ಎಂದು ಹುಡುಗ ಕೇಳಿದ. ಅವಳು ಅದನ್ನು ಬದಲಾಯಿಸಲಿಲ್ಲ. ನನಗೂ ಅದು ಸರಿ ಅನ್ನಿಸಿತು.

ಐದನೆಯದು ಮತ್ತು ಈಗಿನ ಸ್ಥಿತಿ

ಕೊನೆಯ ಪುಸ್ತಕ 'ದಿ ಕ್ರೌನ್', 2016ರದ್ದು. ಅದನ್ನು ಅವಳು ಡಿಸೆಂಬರ್ ರಜೆಯಲ್ಲಿ ಮೂರು ದಿನಕ್ಕೆ ಮುಗಿಸಿದಳು. ಈಡ್ಲಿನ್ ರಾಣಿಯಾಗುತ್ತಾಳೆ. ಸ್ಪರ್ಧೆಗೆ ಬಂದವರನ್ನೆಲ್ಲ ಬಿಟ್ಟು, ಒಬ್ಬ ಸ್ಪರ್ಧಿಯ ಜೊತೆ ದುಭಾಷಿಯಾಗಿ ಬಂದ ಎರಿಕ್‌ನನ್ನು ಆರಿಸಿಕೊಳ್ಳುತ್ತಾಳೆ. ರಾಜ್ಯವನ್ನು ಸಂವಿಧಾನಕ್ಕೆ ಒಳಪಡಿಸುತ್ತಾಳೆ, ಜನರಿಗೆ ಅಧಿಕಾರದಲ್ಲಿ ಪಾಲು ಕೊಡುತ್ತಾಳೆ.

ಅವಳಿಗೆ ಎರಿಕ್ ಇಷ್ಟವಾದ. ಬೇರೆಯವರ ಮಾತನ್ನೇ ದಿನವಿಡೀ ಹೇಳುವವನಿಗೆ ಸ್ವಂತ ಮಾತು ಹೇಳಲು ಜಾಗ ಸಿಕ್ಕಿದ್ದು ಚೆನ್ನಾಗಿದೆ ಅಂದಳು. ಆದರೆ ಸಂವಿಧಾನ ಬಂದ ರೀತಿ ಅವಳಿಗೆ ಒಪ್ಪಿಗೆಯಾಗಲಿಲ್ಲ. ನನಗೂ ಆಗಲಿಲ್ಲ. ರಾಣಿಯ ಮದುವೆಯ ಗಂಟು ಬಿಡಿಸುವುದೂ ಜನರ ಕೈಗೆ ಅಧಿಕಾರ ಕೊಡುವುದೂ ಕೊನೆಯ ಕೆಲವೇ ಅಧ್ಯಾಯಗಳಲ್ಲಿ ಒಟ್ಟಿಗೆ ನಡೆದುಹೋಗುತ್ತವೆ. ಐದು ಪುಸ್ತಕ ಕಾದ ಜನರಿಗೆ ಅಷ್ಟು ಸಣ್ಣ ಜಾಗ ಸಾಲದು. ಬೇಕರಿಯ ಹೆಂಗಸಿಗೆ ಕೆಲಸ ಸಿಕ್ಕಿತೋ ಇಲ್ಲವೋ ಅಲ್ಲಿಯೂ ಗೊತ್ತಾಗುವುದಿಲ್ಲ. ಅವಳು ಅದಕ್ಕೆ ತನ್ನದೇ ಎರಡನೇ ಅಧ್ಯಾಯ ಶುರುಮಾಡಿದ್ದಾಳೆ.

ಈ ಸರಣಿಯ ಕೊನೆಯ ಪುಸ್ತಕಗಳನ್ನು ಮಕ್ಕಳ ಕೈಗೆ ಕೊಡುವ ಟೀಚರುಗಳಿಗೆ, ತಂದೆತಾಯಿಗೆ ನಾನು ಹೇಳುವುದು ಇಷ್ಟು. ಮಗು ನಡುವೆ ಬಿಟ್ಟರೆ, ಓದು ಎಂದು ಒತ್ತಾಯ ಮಾಡಬೇಡಿ. ಎಲ್ಲಿ ಬಿಟ್ಟಿತು ಎಂದು ನೋಡಿ, ಆ ಪುಟವನ್ನು ನೀವೂ ಓದಿ. ಬಿಟ್ಟದ್ದರಲ್ಲಿ ಒಂದು ನ್ಯಾಯ ಇರುತ್ತದೆ. ಸಾಧ್ಯವಾದರೆ ಅದೇ ಪುಸ್ತಕವನ್ನು ಬೇರೆ ದಾರಿಯಿಂದ ಓದಿದ ಇನ್ನೊಂದು ಮಗುವನ್ನು ಪಕ್ಕದಲ್ಲಿ ಕೂರಿಸಿ. ನನ್ನ ಮಾತಿಗಿಂತ ಆ ಹುಡುಗನ ಮಾತು ಅವಳ ಮೇಲೆ ಜಾಸ್ತಿ ಕೆಲಸ ಮಾಡಿತು. ಹೊಸ ಅಕ್ಕಿ ಊಟದ ದಿನ ಅದಕ್ಕಿಂತಲೂ ಜಾಸ್ತಿ ಕೆಲಸ ಮಾಡಿತು. ಅದನ್ನು ಯಾರೂ ಮುಂಚೆಯೇ ತಯಾರು ಮಾಡಿ ಇಡಲು ಆಗುವುದಿಲ್ಲ.

ಕುಟುಂಬದ ಮನೆಯ ವಿಷಯ ಇನ್ನೂ ಇತ್ಯರ್ಥ ಆಗಿಲ್ಲ. ಬರುವ ದೈವಕೋಲದ ಮೊದಲು ಮತ್ತೆ ಮಾತಾಡುವುದು ಅಂತ ಆಗಿದೆ.

ಹುಡುಗ ಈಗ ಮೊದಲ ಪುಸ್ತಕ ಓದುತ್ತಿದ್ದಾನೆ, ಅವಳದೇ ಪ್ರತಿ. ಕಳೆದ ಶನಿವಾರ ಅಮೆರಿಕಾ ಊಟ ಉಳಿಸಿಕೊಂಡು ಮರದ ಮೇಲಿನ ಗೂಡಿಗೆ ಹೋಗುವ ಭಾಗಕ್ಕೆ ಬಂದಿದ್ದ. ಪುಸ್ತಕವನ್ನು ಮಡಿಲಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ನೆ ಕೂತ. ಆಮೇಲೆ ಅವಳನ್ನು ಕೇಳಿದ. "ಇವಳೇ ಅಲ್ವಾ ಆ ಅಮ್ಮ?"

ಅವಳು ಹೌದು ಎಂದು ತಲೆ ಆಡಿಸಿದಳು.